ಬಿಳಿ ಗೂಟದಾಚೆ

ಚೆಂಡು ನೀಲಗಿರಿ ಮರಕ್ಕೆ ಬಡಿದು ಬಲಕ್ಕೆ ಚಿಮ್ಮಿದ್ದನ್ನು ಕಂಡವನು ಮಧುಕುಮಾರ್ ಒಬ್ಬನೇ. ಮಗ ರೇವಂತನಿಗಾಗಲಿ, ಅವನ ಜೊತೆ ಆಡುತ್ತಿದ್ದ ಹುಡುಗನಿಗಾಗಲಿ, ರೆಫರಿಗಾಗಲಿ ಅದು ಕಾಣುವಂತಿರಲಿಲ್ಲ; ನಡುವೆ ಏರು ಇತ್ತು. ಅವನು ಬಿರಬಿರನೆ ಪೊದೆಗಳ ಕಡೆ ನಡೆದ. ಮೈದಾನದ ಎಲ್ಲೆಗೆ ನೆಟ್ಟಿದ್ದ ಬಿಳಿ ಗೂಟಗಳಾಚೆ, ಪೈಪು ಹೂಳಲು ಅಗೆದಿದ್ದ ಹಸಿ ಕೆಮ್ಮಣ್ಣಿನಲ್ಲಿ ಚೆಂಡು ಕೂತಿತ್ತು. ಗೂಟ ದಾಟಿತೆಂದರೆ ದಂಡದ ಹೊಡೆತ ಸೇರಿಸಿಕೊಂಡು ಮತ್ತೆ ಮೊದಲಿನ ಜಾಗದಿಂದಲೇ ಹೊಡೆಯಬೇಕು. ಅಷ್ಟು ಗಾಲ್ಫ್ ಮಗನ ದೆಸೆಯಿಂದ ಅವನಿಗೂ ಬಂದಿತ್ತು.

ಅದು ಹುಡುಗರ ರಾಷ್ಟ್ರೀಯ ಜೂನಿಯರ್ ಅಮೆಚೂರ್ ಚಾಂಪಿಯನ್‌ಶಿಪ್ಪಿನ ಕೊನೆಯ ದಿನ. ಮೂಡಲಪಾಳ್ಯದ ರೇವಂತ್ ಜೊತೆಯಲ್ಲೇ ಆಡುತ್ತಿದ್ದ ಚಂಡೀಗಢದ ಹುಡುಗನೊಂದಿಗೆ ಸಮಸಮನಾಗಿ ಮೊದಲ ಸ್ಥಾನದಲ್ಲಿದ್ದ. ಆಟ ಮುಗಿಯಲು ಇನ್ನು ಕೆಲವೇ ಕುಳಿಗಳು ಬಾಕಿ.

ಬೆಳಗಿನಿಂದಲೂ ಮಧುಕುಮಾರನ ಮೈ ಉರಿಯುತ್ತಿತ್ತು. ತನ್ನದೇ ಕಾರಿನಿಂದ ಇಳಿದು ಮಗನ ಬ್ಯಾಗು ತೆಗೆಯುತ್ತಿದ್ದವನಿಗೆ ಗಾಲ್ಫ್ ಮೈದಾನದ ಗೇಟಿನವನು, "ಡ್ರೈವರ್‌ಗಳೆಲ್ಲ ಹಿಂದ್ಗಡೆ ಹೋಗ್ಬೇಕಪ್ಪ, ಅಲ್ಲೇ ತಿಂಡಿ ಕೊಡ್ತಾರೆ," ಎಂದಿದ್ದ. ಪಕ್ಕದಲ್ಲಿದ್ದ ಬೇರೆ ಹುಡುಗರ ಅಪ್ಪ ಅಮ್ಮಂದಿರು ನಕ್ಕಿರಲಿಲ್ಲ. ಕೇಳಿಸದವರಂತೆ ಬೇರೆ ಕಡೆ ನೋಡಿದ್ದರು. ನಕ್ಕಿದ್ದರೆ ಜಗಳವಾಡಬಹುದಿತ್ತು. ಮೂಡಲಪಾಳ್ಯದಲ್ಲಿ ಎದುರಾದವರು ನಿಂತು ನಮಸ್ಕಾರ ಹೇಳಿ ಮುಂದೆ ಹೋಗುವಂಥ ಮನೆತನ ಅವನದು. ಮಗ ಕಪ್ ಎತ್ತಲಿ, ಇವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಲಿ ಎಂದು ಹಲ್ಲು ಕಚ್ಚಿಕೊಂಡೇ ಅಷ್ಟು ಹೊತ್ತು ಬಿಸಿಲಲ್ಲಿ ನಡೆದಿದ್ದ.

ಸುತ್ತ ನೋಡಿದ. ಯಾರೂ ಇರಲಿಲ್ಲ. ಬೂಟಿನ ತುದಿಯಿಂದ ಚೆಂಡನ್ನು ತಳ್ಳಿದ. ಅದು ಗೂಟಗಳ ನಡುವೆ ಉರುಳಿ ಈಚೆಯ ಹುಲ್ಲಿನ ಮೇಲೆ ನಿಂತಿತು.

"ಸಿಕ್ತು! ಇಲ್ಲೇ ಇದೆ ಕಣೋ!" ಎಂದು ಕೈಯೆತ್ತಿ ಕೂಗಿದ.

ರೆಫರಿ, ಚಂಡೀಗಢದ ಹುಡುಗ, ಆಟ ನೋಡುತ್ತಿದ್ದ ಅಪ್ಪ ಅಮ್ಮಂದಿರು ಎಲ್ಲರೂ ಏರು ದಾಟಿ ಬಂದರು. ರೇವಂತ್ ಬಗ್ಗಿ ನೋಡಿದ. ಹುಲ್ಲು ಒಣಗಿತ್ತು. ಚೆಂಡಿಗೆ ಮಾತ್ರ ಕೆಮ್ಮಣ್ಣು ಮೆತ್ತಿಕೊಂಡಿತ್ತು, ಅಪ್ಪನ ಬೂಟಿಗೂ.

"ಅಪ್ಪ, ಎಲ್ಲಿತ್ತು ಇದು?"

"ಇಲ್ಲೇ ಇತ್ತು. ಹೊಡಿ, ಟೈಮಾಗುತ್ತೆ."

"ನಿಜ ಹೇಳು. ಎಲ್ಲಿತ್ತು?"

"ಇಲ್ಲೇ ಅಂತ ಹೇಳ್ತಾ ಇಲ್ವೇನೋ!"

ಹುಡುಗನ ಮುಖಕ್ಕೆ ರಕ್ತ ನುಗ್ಗಿತು. ರೆಫರಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಸಾರ್, ಬಾಲ್ ಆಚೆ ಇತ್ತು. ಈಚೆಗೆ ತಳ್ಳಿದ್ದು ನಮ್ಮಪ್ಪ," ಎಂದ. ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದುಬಿಟ್ಟ. ಭಾಷೆ ಬಾರದ ಚಂಡೀಗಢದ ಹುಡುಗನೂ ತಲೆ ತಗ್ಗಿಸಿ ನಿಂತ.

ರೆಫರಿ ದನಿಯೇರಿಸಲಿಲ್ಲ. "ಸಾರ್, ತಾವು ದಯವಿಟ್ಟು ಕೋರ್ಸ್ ಬಿಟ್ಟು ಹೊರಗೆ ಹೋಗಿ," ಎಂದ ಅಷ್ಟೇ. ಉಳಿದ ಆಟವನ್ನು ಮಧುಕುಮಾರ್ ಕಾಣಲಿಲ್ಲ. ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತಿದ್ದ. ರೇವಂತ್ ಐದನೆಯವನಾಗಿ ಮುಗಿಸಿ ಬಂದು, ಬ್ಯಾಗನ್ನು ಡಿಕ್ಕಿಯಲ್ಲಿಟ್ಟು, ಪಕ್ಕದಲ್ಲಿ ಕೂತ.

ಮಾಗಡಿ ರಸ್ತೆಯ ಟೋಲ್‌ಗೇಟಿನಲ್ಲಿ ಸಿಗ್ನಲ್ ಬಿದ್ದು ಕಾರು ನಿಂತಾಗ ಮಧುಕುಮಾರ್ ಸ್ಟಿಯರಿಂಗನ್ನು ಗುದ್ದಿದ.

"ಅಷ್ಟು ಜನದ ಮುಂದೆ ನನ್ನ ಕಳ್ಳನ್ನ ಮಾಡಿದ್ಯಲ್ಲೋ! ಬಾಲ್ ಆಚೆ ಹೋಗಿತ್ತು ಅಂದಿದ್ರೆ ಸಾಕಾಗ್ತಿರ್ಲಿಲ್ವಾ? ಅಪ್ಪನ್ನ ಯಾಕೆ ಎಳೆದೆ?"

"ಮೊದಲು ನಿನ್ನನ್ನೇ ಕೇಳ್ದೆ. ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳ್ದೆ."

"ಯಾರಿಗೋಸ್ಕರ? ನಿನಗೋಸ್ಕರ ತಾನೇ?"

"ನಾನು ಕೇಳಿದ್ನಾ? ಗೆಲ್ತಿದ್ನೋ ಸೋಲ್ತಿದ್ನೋ, ಅದು ನಂದು. ತಾತನ ಹೊಲದ ಕಲ್ಲು ಸರಿಸಿದೋರ್ನ ಇವತ್ತಿಗೂ ಬಯ್ಯೋದು ನೀನೇ ಅಲ್ವಾ? ಅವರೂ ಮಕ್ಕಳಿಗೋಸ್ಕರಾನೇ ಸರಿಸಿದ್ದು."

ಮಧುಕುಮಾರನ ಅಪ್ಪ ದೊಡ್ಡಣ್ಣ, ಪಕ್ಕದ ಹೊಲದವರು ಸರಿಸಿದ ಗಡಿಕಲ್ಲಿಗಾಗಿ ಸಾಯುವ ತನಕ ಕೋರ್ಟಿಗೆ ಅಲೆದವನು. ಆ ಹೊಲದ ಮೇಲೆಲ್ಲ ಈಗ ಬಾಡಿಗೆ ಮನೆಗಳು ಎದ್ದಿವೆ. ಬೈಗುಳ ಮಾತ್ರ ಮನೆಯಲ್ಲಿ ಹಾಗೇ ಉಳಿದುಕೊಂಡಿತ್ತು.

"ಇಳಿ ಕೆಳಗೆ!" ಮಧುಕುಮಾರ್ ಅರಚಿದ. "ಇಳಿಯೋ ನನ್ನ ಕಾರಿಂದ!"

ಇಳಿಯುತ್ತಾನೆಂದು ಅವನು ಎಣಿಸಿರಲಿಲ್ಲ. ರೇವಂತ್ ಇಳಿದ. ಡಿಕ್ಕಿ ತೆಗೆದು ಬ್ಯಾಗನ್ನು ಹೆಗಲಿಗೇರಿಸಿ, ಬಾಗಿಲನ್ನು ಕಾರು ಅದುರುವಂತೆ ಬಡಿದ. ಸಿಗ್ನಲ್ ಬಿಟ್ಟಿತು. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿಯೇ ಒತ್ತಿದ. ಮಧುಕುಮಾರ್ ಗೇರು ಹಾಕಿ ಹೊರಟುಬಿಟ್ಟ.

ಮನೆಯ ಜಗಲಿಯಲ್ಲಿ ಅವನ ಅವ್ವ ಚಿಕ್ಕಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು. "ಮೊಗ ಎಲ್ಲೋ?" ಎಂದಳು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ, ಗೇಟಿನವನಿಂದ ಹಿಡಿದು ರೆಫರಿಯವರೆಗೆ, ಕೂಗಿ ಕೂಗಿ ಹೇಳಿದ. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಅವನ ಚೆಂಡ ನೀನ್ಯಾಕ್ಲಾ ಮುಟ್ಟಕ್ಕೋದೆ?"

"ನೀನೂ ಶುರು ಮಾಡ್ಬೇಡ ಅವ್ವ!"

ಅವಳು ಸೆರಗಿನ ಸೊಪ್ಪು ಕೊಡವಿ, ಗೋಡೆ ಹಿಡಿದು ಎದ್ದು, ಬೀದಿಯ ತುದಿ ಕಾಣುವಂತೆ ಗೇಟಿಗೆ ಹೋಗಿ ನಿಂತಳು. ಹುಡುಗ ಬಂದಾಗ ಬೀದಿ ದೀಪ ಹತ್ತಿತ್ತು. ಅಜ್ಜಿ ಹಾಕಿದ ಮುದ್ದೆಯನ್ನು ಅಡುಗೆಮನೆಯಲ್ಲೇ ಉಂಡು ಮಲಗಿದ. ನಡುಮನೆಯಲ್ಲಿ ಟೀವಿಯ ಮುಂದೆ ಕೂತಿದ್ದ ಅಪ್ಪನ ಕಡೆ ನೋಡಲಿಲ್ಲ.

ಬೆಳಿಗ್ಗೆ ತಾರಸಿಯಲ್ಲಿ ಅಭ್ಯಾಸಕ್ಕೆ ಕಟ್ಟಿದ್ದ ಬಲೆಗೆ ಚೆಂಡು ಬಡಿಯುವ ಸದ್ದು ಕೇಳಿತು. ಮಧುಕುಮಾರ್ ಮೆಟ್ಟಿಲು ಹತ್ತಿದ. ಬಯ್ಯಲು ಹೊರಟಿದ್ದನೋ, ಬೇರೇನೋ ಹೇಳಲು ಹೊರಟಿದ್ದನೋ, ಅವನಿಗೇ ತಿಳಿದಿರಲಿಲ್ಲ. ಯಾವತ್ತಿನಂತೆ ಮಗನ ಬೆನ್ನ ಹಿಂದೆ ಹೋಗಿ ನಿಂತ.

ರೇವಂತ್ ಎತ್ತಿದ ಕ್ಲಬ್ಬನ್ನು ಹಾಗೇ ಇಳಿಸಿದ. ತಿರುಗಲಿಲ್ಲ.

"ನೀವು ಅಲ್ಲಿ ನಿಂತ್ಕೋಬೇಡಿ," ಎಂದ.

ಮಾತು ಕಲಿತಾಗಿನಿಂದ ಅಪ್ಪನನ್ನು ನೀನು ಎಂದೇ ಕರೆದವನು.

ಮಧುಕುಮಾರ್ ನೀರಿನ ಟ್ಯಾಂಕಿನ ಕಡೆ ಸರಿದ. ಹುಡುಗ ಇನ್ನೂ ಕಾದ. ಅಪ್ಪ ಮತ್ತಷ್ಟು ಸರಿದು ಮೆಟ್ಟಿಲ ಬಾಗಿಲಿಗೆ ಬೆನ್ನು ತಾಗಿಸಿ ನಿಂತ ಮೇಲೆ ಹೊಡೆದ; ಚೆಂಡು ಬಡಿದು ಬಲೆ ಒಮ್ಮೆ ಹಿಂದಕ್ಕೆ ಉಬ್ಬಿ, ಮೆಲ್ಲಗೆ ಇಳಿಯಿತು.