ಕತ್ತರಿಯಕ್ಕನ ಅರ್ಧ ಗಂಟೆ

ಮೇಜಿನ ಮೇಲೆ ನೂರಾ ನಲವತ್ತು ತೋಳುಗಳು ಬಿದ್ದಿದ್ದವು. ನೂರಾ ನಲವತ್ತೂ ಎಡಗೈಯವೇ.

ನರ್ಸುಗಳಿಗೆ ಸಮವಸ್ತ್ರ ಹೊಲಿಯುವ ಕಾರ್ಖಾನೆ ಅದು. ಎಪ್ಪತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಮೇಲಿನ ಪದರದ ಮೇಲೆ ರಟ್ಟಿನ ಅಚ್ಚಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗರಗರ ಓಡುವ ಯಂತ್ರದಲ್ಲಿ ಅಷ್ಟನ್ನೂ ಒಟ್ಟಿಗೆ ಕತ್ತರಿಸುವುದು ಕಟಿಂಗ್ ಮಾಸ್ಟರ್ ಕೆಲಸ. ಇಲ್ಲಿನ ಮಾಸ್ಟರ್ ಒಬ್ಬ ಹೆಂಗಸು. ವಯಸ್ಸು ನಲವತ್ತೇಳು, ಇಪ್ಪತ್ತೆರಡು ವರ್ಷದಿಂದ ಅದೇ ಮೇಜು. ಮಾಲೀಕರಿಂದ ಹಿಡಿದು ಗುಂಡಿ ಹೊಲಿಯುವವರವರೆಗೆ ಎಲ್ಲರಿಗೂ ಅವಳು ಕತ್ತರಿಯಕ್ಕ. ಒಂದು ತೋಳಿನ ಗೆರೆ ಎಳೆದ ಮೇಲೆ ಅಚ್ಚನ್ನು ಮಗುಚಿ ಇನ್ನೊಂದನ್ನು ಎಳೆಯಬೇಕೆಂಬುದು ಈ ಕೆಲಸದಲ್ಲಿ ಮೊದಲ ವಾರದ ಪಾಠ. ಅಂದು ಅವಳು ಮಗುಚುವುದನ್ನೇ ಮರೆತಿದ್ದಳು.

ಮಾಲೀಕರು ಎರಡು ತೋಳುಗಳನ್ನು ಜೋಡಿಸಿ ನೋಡಿದರು. ತಿರುಗಿಸಿ ನೋಡಿದರು. ಏನು ಮಾಡಿದರೂ ಜೋಡಿಯಾಗಲಿಲ್ಲ.

"ಅಕ್ಕಾ, ನಿಮ್ಮ ಕೈಯಿಂದ ಹೀಗಾಗೋಕೆ ಸಾಧ್ಯನೇ ಇಲ್ಲ. ಅಚ್ಚೇ ಎಡವಟ್ಟಾಗಿರ್ಬೇಕು ಬಿಡಿ."

"ಅಚ್ಚು ಸರಿಯಾಗೇ ಇದೆ. ತಪ್ಪು ನಂದು."

ಮತ್ತೆ ಬಟ್ಟೆ ಹಾಸಿದರು. ಯಂತ್ರದ ಹಿಡಿ ಹಿಡಿದಾಗ ಅಲಗಿನ ಪಕ್ಕದಲ್ಲೇ ತನ್ನ ಬೆರಳು ನಡುಗುವುದು ಅವಳಿಗೆ ಕಾಣಿಸಿತು. ಸ್ವಿಚ್ ಆರಿಸಿದಳು. "ಇವತ್ತು ನಾನಿದನ್ನ ಮುಟ್ಟಲ್ಲ" ಎಂದು ಹೇಳಿ, ಚೀಲ ಹೆಗಲಿಗೇರಿಸಿ, ಮಧ್ಯಾಹ್ನದ ಬಿಸಿಲಲ್ಲೇ ಹೊರಬಿದ್ದಳು.

ಚೀಲದಲ್ಲಿ ಸ್ಟೀಲಿನ ನೀರಿನ ಬಾಟಲಿ ಇತ್ತು. ಒಳಗಿದ್ದದ್ದು ನೀರಲ್ಲ. ಮನೆಯಲ್ಲಿ ಕುಡಿಯುವುದು ಎಂಟು ವರ್ಷದ ಅಭ್ಯಾಸ. ಊಟದ ಬಿಡುವಿನಲ್ಲಿ, ಕೆಲಸದ ಜಾಗದಲ್ಲಿ ಕುಡಿದದ್ದು ಅಂದೇ ಮೊದಲು. ಮನೆಯಲ್ಲಿ ಮೊದಮೊದಲು ಶನಿವಾರ ಗಂಡನ ಜೊತೆ ಅರ್ಧ ಲೋಟ. ಆಮೇಲೆ ದಿನಾ ಒಂದು, ಆಮೇಲೆ ಮೂರು. ಅವಳು ಯಾವತ್ತೂ ತೂರಾಡಿದವಳಲ್ಲ, ಕೂಗಾಡಿದವಳಲ್ಲ. ಸಂಜೆ ಐದೂ ನಲವತ್ತಕ್ಕೆ ಮನೆಗೆ ಬಂದು, ಹೆಗಲ ಚೀಲ ಇಳಿಸುವ ಮೊದಲೇ ಅಡುಗೆಮನೆಯಲ್ಲಿ ನಿಂತು ಮೊದಲ ಲೋಟ ಮುಗಿಸುತ್ತಿದ್ದಳು. ಆಮೇಲೆ ಅಡುಗೆ, ಪಾತ್ರೆ, ಅತ್ತೆಯ ಮಂಡಿಗೆ ಎಣ್ಣೆ, ಒಣಗಿದ ಬಟ್ಟೆ ಮಡಚುವುದು. ಒಂದು ದಿನವೂ ಒಂದು ಕೆಲಸವೂ ತಪ್ಪಿದ್ದಿಲ್ಲ.

ಅಂದು ಅವಳು ನೆಟ್ಟಗೆ ಹೋದದ್ದು ಆಸ್ಪತ್ರೆಗೆ. ಡಾಕ್ಟರಮ್ಮನಿಗೆ ವಿಪರೀತ ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಎಷ್ಟು, ಯಾವಾಗಿನಿಂದ, ಕುಡಿಯದಿದ್ದರೆ ಬೆಳಗ್ಗೆ ಕೈ ನಡುಗುತ್ತದೆಯೇ ಎಂದೆಲ್ಲ ಕೇಳಿದರು.

"ನಾನು ಕುಡುಕಿ ಅಲ್ಲ ಡಾಕ್ಟ್ರೇ."

"ನಾನು ಹಾಗಂದ್ನಾ?" ಎಂದು ಅವರು ಒಮ್ಮೆ ಸೀನಿದರು. "ನೋಡಿ, ನಾಳೆಯಿಂದಲೇ ಪೂರ್ತಿ ನಿಲ್ಲಿಸ್ತೀನಿ ಅಂತ ಹಟ ಹಿಡೀಬೇಡಿ. ಇಷ್ಟು ವರ್ಷದ ಅಭ್ಯಾಸ ಒಮ್ಮೆಲೇ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮಾತ್ರೆ ಕೊಡ್ತೀನಿ, ಎರಡು ದಿನಕ್ಕೊಮ್ಮೆ ಬಂದು ತೋರಿಸ್ಕೊಳ್ಳಿ, ಹಂತಹಂತವಾಗಿ ಇಳಿಸೋಣ. ಅದು ಸುಲಭದ ಭಾಗ."

"ಕಷ್ಟದ್ದು?"

"ಆಮೇಲೆ ಬರೋ ಆಸೆ. ಅದನ್ನ ಓಡಿಸೋಕೆ ಹೋಗ್ಬೇಡಿ. ಏರುತ್ತೆ, ಸ್ವಲ್ಪ ಹೊತ್ತು ನಿಲ್ಲುತ್ತೆ, ತಾನಾಗೇ ಇಳಿಯುತ್ತೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಎಷ್ಟೊತ್ತಿಗೆ ಬಂತು, ಎಲ್ಲಿದ್ರಿ, ಮೈಯಲ್ಲಿ ಎಲ್ಲಿ ಗೊತ್ತಾಯ್ತು, ಅಷ್ಟು ಬರೆದಿಡಿ."

"ಬರೆದ್ರೆ ಹೊರಟೋಗುತ್ತಾ?"

"ಹೋಗಲ್ಲ. ಬಾಗಿಲಿಗೆ ಬಂದಿರೋದು ಯಾರು ಅಂತ ಗೊತ್ತಾಗುತ್ತೆ."

ಬೇಡವೆಂದರೆ ಮಾಡುವ, ಮಾಡೆಂದರೆ ಬಿಡುವ ಜಾತಿಯವಳು ಕತ್ತರಿಯಕ್ಕ. ಬರೆದು ಏನೂ ಆಗುವುದಿಲ್ಲವೆಂದು ಡಾಕ್ಟರಮ್ಮನಿಗೆ ತೋರಿಸಿಕೊಡಬೇಕೆಂಬ ಛಲದಿಂದಲೇ ಬರೆಯತೊಡಗಿದಳು. ಅಳತೆ ಬರೆದುಕೊಳ್ಳುವ ಪುಟ್ಟ ಪುಸ್ತಕದ ಹಿಂಬದಿಯಲ್ಲಿ, ಅಳತೆಯಷ್ಟೇ ಚುಟುಕಾಗಿ: "ಸೋಮ. ಐದೂ ನಲವತ್ತು. ಬಾಗಿಲು, ಕೈ ಚಿಲಕದ ಮೇಲೆ. ಕುತ್ತಿಗೆ." "ಬುಧ. ಐದೂ ನಲವತ್ತೆರಡು. ಬಾಗಿಲು. ಕುತ್ತಿಗೆ, ಭುಜ." "ಶುಕ್ರ. ಐದೂ ಮೂವತ್ತೆಂಟು. ಮೆಟ್ಟಿಲು. ಕುತ್ತಿಗೆ. ಹಸಿವೂ."

ಮಾತ್ರೆಗಳು ಮುಗಿಯುವ ಹೊತ್ತಿಗೆ ಲೋಟವೂ ನಿಂತಿತ್ತು, ಮೂರು ಪುಟ ತುಂಬಿತ್ತು. ಒಂದು ದಿನ ಬಸ್ಸಿನಲ್ಲಿ ಕುಳಿತು ಮೂರನ್ನೂ ಒಟ್ಟಿಗೆ ಓದಿದಳು. ಓದಿ ಅವಳಿಗೆ ಸಿಟ್ಟು ಬಂತು. ಬಾಯಾರಿಕೆ ಗಂಟಲಲ್ಲಿ ಒಂದು ದಿನವೂ ಇರಲಿಲ್ಲ. ಒಂಬತ್ತು ಗಂಟೆ ಮೇಜಿನ ಮೇಲೆ ಬಾಗಿದ ಕುತ್ತಿಗೆ, ಬಾಗಿಲಾಚೆ ಮನೆಗೆಲಸದ ಇನ್ನೊಂದು ಪಾಳಿ ಕಾದಿದೆಯೆಂದು ತಿಳಿದು, ಒಳಗೆ ಹೋಗಲಾರೆ ಎನ್ನುತ್ತಿತ್ತು. ಅವಳು ಎಂಟು ವರ್ಷ ಅದರ ಬಾಯಿಗೆ ಲೋಟ ಹಿಡಿದು ಸುಮ್ಮನಾಗಿಸಿದ್ದಳು.

ಸಲಹೆ ಕೊಡಲು ಜನಕ್ಕೇನು ಬರವೇ? ಹೊಲಿಗೆ ವಿಭಾಗದ ಗೆಳತಿ ಕಣ್ಣುಮುಚ್ಚಿ ಉಸಿರು ನೋಡುವುದನ್ನು ಹೇಳಿಕೊಟ್ಟಳು. ಕತ್ತರಿಯಕ್ಕ ಮಹಡಿಯ ಮೇಲೆ ಕುಳಿತು ಕಣ್ಣು ಮುಚ್ಚಿದಳು. ಮುಚ್ಚಿದ್ದೇ ತಡ, ಬಾಟಲಿ ಲೇಬಲ್ ಸಮೇತ ಕಣ್ಣೆದುರು ನಿಂತಿತು. ಗಂಡ ಯಾವುದೋ ಎಲೆಗಳ ಪೊಟ್ಟಣ ತಂದ. ಕುದಿಸಿ ಕುಡಿದರೆ ನರಗಳು ಸಡಿಲವಾಗುತ್ತವಂತೆ. "ಹುಲ್ಲು ತೊಳೆದ ನೀರು" ಎಂದು ಅವಳು ಅದನ್ನು ಸಿಂಕಿಗೆ ಸುರಿದಳು.

ಕಾರ್ಖಾನೆಯಿಂದ ಎರಡು ಬೀದಿ ಆಚೆ ಸಾರ್ವಜನಿಕ ಈಜುಕೊಳವಿತ್ತು. ಸಂಜೆ ಐದರಿಂದ ಆರೂವರೆವರೆಗೆ ಹೆಂಗಸರಿಗೆ. ಗೋಡೆಯ ಮೇಲಿನ ಆ ಬರಹವನ್ನು ಇಪ್ಪತ್ತೆರಡು ವರ್ಷ ಓದುತ್ತಲೇ ಹಾದುಹೋಗಿದ್ದಳು. ಒಂದು ಸಂಜೆ ಒಳಗೆ ಹೋದಳು. ಅಲ್ಲಿ ಕಲಿಸುತ್ತಿದ್ದವರಿಗೆ ಅರವತ್ತು ದಾಟಿತ್ತು. ಕುತ್ತಿಗೆಯಲ್ಲಿ ಸದಾ ಸೀಟಿ, ಆದ್ದರಿಂದ ಎಲ್ಲರಿಗೂ ಸೀಟಿಯಮ್ಮ.

"ಈಜು ಬರುತ್ತಾ?"

"ಇಲ್ಲ."

"ನೀರು ಕಂಡ್ರೆ ಭಯನಾ?"

"ಸಾಯೋವಷ್ಟು."

"ಸರಿ, ಇಳೀರಿ."

ಮೊದಲ ದಿನ ಅಂಚಿನ ಕಂಬಿಯನ್ನು ಬಿಡಲೇ ಇಲ್ಲ. ಐದನೆಯ ದಿನ ಬೆನ್ನ ಮೇಲೆ ಮಲಗಿಸಿ, ತಲೆಯ ಕೆಳಗೆ ಕೈ ಕೊಟ್ಟು ಸೀಟಿಯಮ್ಮ ಗದರಿದರು: "ಕುತ್ತಿಗೆ ಯಾಕೆ ಎತ್ತಿ ಹಿಡ್ಕೊಂಡಿದ್ದೀರಿ? ಬಿಡೀಂದ್ರೆ! ನೀರಿಗೆ ಕೊಡಿ ಅದನ್ನ." ಹನ್ನೊಂದನೆಯ ದಿನ ಬಿಟ್ಟಳು. ಕಿವಿಗೆ ನೀರು ತುಂಬಿ ಹೊರಗಿನ ಗದ್ದಲವೆಲ್ಲ ಅಡಗಿತು. ತಲೆಯ ಭಾರ ಯಾರದೋ ಕೈಗೆ ಹೋದಂತಾಯಿತು. ಮೇಲೆ ತಗಡಿನ ಛಾವಣಿ, ಒಂದು ಪಾರಿವಾಳ. ಯಾರೂ ಅವಳಿಂದ ಏನನ್ನೂ ಕೇಳುತ್ತಿರಲಿಲ್ಲ. ಕಣ್ಣಿನಿಂದ ನೀರು ಇಳಿಯಿತು, ಕೊಳದಲ್ಲಿ ಬೆರೆತುಹೋಯಿತು.

ಮನೆಯಲ್ಲಿ ರಾದ್ಧಾಂತ. ಗಂಡ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ, ನಾಲ್ಕೂವರೆಗೇ ಮನೆ ಸೇರುವವನು.

"ನೀನು ಕುಡಿಯೋದು ಬಿಟ್ಟಿದ್ದು ನನಗೂ ಖುಷಿನೇ. ಆದ್ರೆ ದಿನಾ ಲೇಟಾಗಿ, ಒದ್ದೆ ತಲೇಲಿ ಮನೆಗೆ ಬರೋದಾ? ಅಮ್ಮನಿಗೆ ಚಹಾ ಯಾರು ಕೊಡ್ತಾರೆ?"

"ನೀವು ಕೊಡಿ."

"ನನಗೆ ಒಲೆ ಹಚ್ಚೋಕೆ ಬರುತ್ತಾ?"

"ಸಿಗರೇಟು ಹಚ್ಚೋಕೆ ಬರುತ್ತಲ್ಲ ರೀ. ಅದೇ ಬೆಂಕಿ."

"ಈ ವಯಸ್ಸಲ್ಲಿ ಈಜಂತೆ! ನಾಲ್ಕು ಜನ ನೋಡಿದ್ರೆ ಏನಂದ್ಕೋತಾರೆ?"

ಕತ್ತರಿಯಕ್ಕ ಟವೆಲ್ಲನ್ನು ಕುರ್ಚಿಯ ಮೇಲೆ ಹಾಕಿ ಅವನೆದುರು ನಿಂತಳು. "ನಾನು ದಿನಾ ಕುಡೀತಿದ್ದಾಗ ನಾಲ್ಕು ಜನ ನಿಮಗೆ ನೆನಪಾಗ್ಲಿಲ್ಲ. ಯಾಕೆ ಗೊತ್ತಾ? ಕುಡಿದು ಕೆಲಸ ಮಾಡ್ತಿದ್ದೆ, ಸುಮ್ನೆ ಮಾಡ್ತಿದ್ದೆ. ಆ ಬಾಟಲಿ ನನಗಿಂತ ಹೆಚ್ಚಾಗಿ ನಿಮಗೆ ಅನುಕೂಲ ಆಗಿತ್ತು. ಈಗ ನನಗೆ ಅರ್ಧ ಗಂಟೆ ಬೇಕು. ಕೇಳ್ತಿಲ್ಲ, ಹೇಳ್ತಿದ್ದೀನಿ."

ಅತ್ತೆ ಮೂಲೆಯ ಕುರ್ಚಿಯಲ್ಲಿ ಮಂಡಿ ಉಜ್ಜಿಕೊಳ್ಳುತ್ತ ಕುಳಿತಿದ್ದರು.

ಹಾಗೆಂದು ಎಲ್ಲವೂ ನೀರಿನಲ್ಲಿ ತೇಲಿದಷ್ಟು ಸಲೀಸಾಗಲಿಲ್ಲ. ಲೋಟ ಬಿಟ್ಟ ನಲವತ್ತೊಂದನೆಯ ದಿನ ಕೊಳ ತೊಳೆಯಲೆಂದು ಬಾಗಿಲು ಹಾಕಿದ್ದರು. ಅವಳು ಐದೂ ನಲವತ್ತಕ್ಕೆ ಮನೆಯ ಬಾಗಿಲಲ್ಲಿದ್ದಳು. ಆಸೆ ಏರಿತು. ಪುಸ್ತಕ ತೆಗೆಯಲಿಲ್ಲ, ಕಾಯಲಿಲ್ಲ. ಗಂಡನ ಬೀರುವಿನಲ್ಲಿದ್ದ ಬಾಟಲಿಯಿಂದ ಎರಡು ಲೋಟ ಕುಡಿದಳು. ಖಾಲಿ ಲೋಟ ನೋಡಿ ಗಂಡ ನಿಟ್ಟುಸಿರಿಟ್ಟ. "ಹೋಯ್ತು. ಇನ್ನು ಮತ್ತೆ ಸೊನ್ನೆಯಿಂದ."

"ಯಾಕೆ ಸೊನ್ನೆ? ಎಪ್ಪತ್ತು ಪದರದಲ್ಲಿ ಒಂದು ಹಾಳಾದ್ರೆ ಆ ಒಂದನ್ನ ತೆಗೀತೀವಿ, ಉಳಿದದ್ದನ್ನ ಬಿಸಾಕಲ್ಲ. ನಲವತ್ತು ದಿನ ನಂದು. ಅದನ್ನ ಯಾರಿಗೂ ವಾಪಸ್ ಕೊಡಲ್ಲ."

ಮರುದಿನ ಡಾಕ್ಟರಮ್ಮನಿಗೆ ತಾನೇ ಹೋಗಿ ಹೇಳಿದಳು. ಬೀರುವಿನಲ್ಲಿದ್ದುದನ್ನೆಲ್ಲ ಮನೆಯಿಂದ ಸಾಗಹಾಕಿಸಿದಳು. ಕೊಳ ಮುಚ್ಚಿದ ದಿನಗಳಲ್ಲಿ ಬಸ್ಸಿನಿಂದ ಮೂರು ನಿಲ್ದಾಣ ಮೊದಲೇ ಇಳಿದು, ದಾರಿಯಲ್ಲಿ ಏನಾದರೂ ತಿಂದು, ಬಿರಬಿರನೆ ನಡೆದು ಮನೆಗೆ ಹೋಗುವುದೆಂದು ಗೊತ್ತುಮಾಡಿಕೊಂಡಳು.

ಮೂರನೆಯ ತಿಂಗಳಲ್ಲಿ ಭಾವನಿಗೆ, ಅಂದರೆ ಗಂಡನ ಅಣ್ಣನಿಗೆ, ಅರವತ್ತು ತುಂಬಿತು. ಭಾನುವಾರ ಮಧ್ಯಾಹ್ನ ಮನೆತುಂಬ ಜನ. ಭಾವ ಎಲ್ಲರ ಕೈಗೂ ಲೋಟ ತುರುಕುವ ಗಂಡಸು. ಬೇಡವೆಂದರೆ ಅವರಿಗೆ ಅವಮಾನ. ಬಾಗಿಲಲ್ಲೇ ಗಂಡ ಪಿಸುಗುಟ್ಟಿದ: "ಸುಮ್ನೆ ಕೈಯಲ್ಲಿ ಹಿಡ್ಕೊ. ಕುಡೀಬೇಡ. ಅಣ್ಣನ ಮರ್ಯಾದೆ ಉಳಿಯುತ್ತೆ."

ಅವನ ಮುಖ ನೋಡಿ ಪಾಪ ಎನಿಸಿತು. ಹಿಡಿದುಕೊಂಡಳು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ವಾಸನೆ ಮೂಗಿಗೆ ಬಡಿಯಿತು, ನಾಲಿಗೆಯಲ್ಲಿ ನೀರೂರಿತು. ಕುತ್ತಿಗೆ ಕಲ್ಲಾಯಿತು. ಐದೂ ನಲವತ್ತಲ್ಲ, ಬಾಗಿಲೂ ಅಲ್ಲ. ಆದರೂ ಬಂದಿದ್ದು ಅದೇ. ಅವಳು ಲೋಟವನ್ನು ಮೇಜಿನ ಮೇಲಿಟ್ಟಳು.

ಭಾವ ನೋಡಿಬಿಟ್ಟರು. "ಏನಮ್ಮಾ, ಸನ್ಯಾಸ ತಗೊಂಡ್ಯಾ? ಒಂದು ಗುಟುಕಿಗೆ ಆಕಾಶ ಬಿದ್ದೋಗುತ್ತಾ? ನನ್ನ ಹುಟ್ಟುಹಬ್ಬಕ್ಕಾದ್ರೂ ಕುಡಿ."

"ಬೇಡ ಭಾವ."

"ನಾನು ಹೇಳ್ತಿದ್ದೀನಿ, ಕುಡಿ."

ಗಂಡ ನೆಲ ನೋಡತೊಡಗಿದ. ಕತ್ತರಿಯಕ್ಕನ ಧ್ವನಿ ಏರಲಿಲ್ಲ, ಆದರೆ ಮೂಲೆಯಲ್ಲಿ ಕುಳಿತವರಿಗೂ ಕೇಳಿಸಿತು. "ಎಂಟು ವರ್ಷ ದಿನಾ ಕುಡಿದಿದ್ದೀನಿ ಭಾವ. ಅಡುಗೆಮನೇಲಿ ನಿಂತು, ಬಾಗಿಲು ಮುಂದೆ ಮಾಡ್ಕೊಂಡು. ಕೊನೆಗೆ ಕಾರ್ಖಾನೇಲೂ ಕುಡಿದೆ. ನನ್ನ ಬೆರಳು ಹೋಗ್ತಿತ್ತು, ಉಳೀತು. ಇದನ್ನ ನಿಮಗೆ ಅಂತ ಹೇಳ್ತಿಲ್ಲ. ಇಲ್ಲಿ ಇನ್ಯಾರಾದ್ರೂ ಅಡುಗೆಮನೇಲಿ ನಿಂತು ಕುಡೀತಿದ್ರೆ ಅವರಿಗೆ ಕೇಳಿಸ್ಲಿ ಅಂತ. ನಿಮ್ಮ ಆಯಸ್ಸು ನೂರಾಗ್ಲಿ. ಅದಕ್ಕೆ ನಾನು ಕುಡಿಯೋ ಅಗತ್ಯ ಇಲ್ಲ."

"ಮನೆ ಮಾನ ಹರಾಜು ಹಾಕ್ತಿದ್ದಾಳಲ್ಲೋ!" ಎಂದು ಭಾವ ತಮ್ಮನ ಕಡೆ ತಿರುಗಿದರು.

ಗಂಡ ತಲೆ ಎತ್ತಿದ. ತನ್ನ ಲೋಟವನ್ನೂ ಅವಳ ಲೋಟದ ಪಕ್ಕದಲ್ಲಿಟ್ಟ. ಅಷ್ಟೇ. ಅವನಿಂದ ಅಷ್ಟನ್ನೂ ಅವಳು ನಿರೀಕ್ಷಿಸಿರಲಿಲ್ಲ.

ಚೀಲ ತೆಗೆದುಕೊಂಡು ಅವಳು ಹೊರಟಳು. ಹಿಂದಿನಿಂದ ಕೋಲಿನ ಟಕಟಕ. ಅತ್ತೆ.

"ನಿಲ್ಲೇ, ನಾನೂ ಬರ್ತೀನಿ."

"ನಾನು ಕೊಳಕ್ಕೆ ಹೋಗ್ತಿದ್ದೀನಿ ಅತ್ತೆ. ಭಾನುವಾರ ಮಧ್ಯಾಹ್ನನೂ ಹೆಂಗಸರಿಗೆ ಬಿಡ್ತಾರೆ. ನಿಮ್ಮ ದೊಡ್ಡ ಮಗನ ಹುಟ್ಟುಹಬ್ಬ, ನೀವಿಲ್ಲೇ ಇರಿ."

"ಅವನು ಹುಟ್ಟಿದ ದಿನ ಕಷ್ಟಪಟ್ಟಿದ್ದು ನಾನು. ಎಲ್ಲಿರ್ಬೇಕು ಅಂತ ನನಗೆ ಗೊತ್ತು. ನಡಿ."

ಕೊಳದ ಮೆಟ್ಟಿಲ ಮೇಲೆ ಅತ್ತೆಯನ್ನು ಕೂರಿಸಿ, ಸೀರೆಯನ್ನು ಮಂಡಿವರೆಗೆ ಎತ್ತಿ, ಕಾಲನ್ನು ನೀರಿಗೆ ಬಿಡಿಸಿದಳು. ತಾನೂ ಇಳಿದು ಒಂದು ಸುತ್ತು ಕೈಕಾಲು ಬಡಿದು ಬಂದಳು. ಈಗ ಮುಳುಗದೆ ಅರ್ಧ ಕೊಳ ದಾಟುತ್ತಿದ್ದಳು. ವಾಪಸ್ ಬಂದಾಗ ಅತ್ತೆ ನೀರಿನಲ್ಲಿ ತಮ್ಮ ಪಾದಗಳನ್ನೇ ನೋಡುತ್ತಿದ್ದರು.

"ನನಗೆ ಗೊತ್ತಿತ್ತು ಕಣೇ," ಎಂದರು. "ಎಣ್ಣೆ ಹಚ್ಚುವಾಗ ನಿನ್ನ ಬಾಯಿಂದ ವಾಸನೆ ಬರ್ತಿತ್ತು. ಕೇಳ್ಬೇಕು ಅಂತ ಎಷ್ಟು ಸಲ ಅಂದ್ಕೊಂಡೆ. ಕೇಳಿದ್ರೆ ನೀನು ಎಣ್ಣೆ ಹಚ್ಚೋದು ನಿಲ್ಲಿಸಿಬಿಟ್ರೆ ಅಂತ ಸುಮ್ನಿದ್ದೆ."

ಪರವಾಗಿಲ್ಲ ಎನ್ನುವುದು ಕತ್ತರಿಯಕ್ಕನಿಗೆ ಸುಲಭವಿತ್ತು. ಪರವಾಗಿಲ್ಲ ಎಂದು ಅನ್ನಿಸಿರಲಿಲ್ಲ. "ಕೇಳ್ಬೇಕಿತ್ತು ಅತ್ತೆ" ಎಂದಳು.

"ಹೌದು. ಕೇಳ್ಬೇಕಿತ್ತು."

ಆಸೆ ಹೋಗಿಬಿಟ್ಟಿತೆಂದರೆ ಸುಳ್ಳಾಗುತ್ತದೆ. ಈಗಲೂ ವಾರಕ್ಕೊಮ್ಮೆ ಬರುತ್ತದೆ, ಕೆಲವೊಮ್ಮೆ ಏನೂ ಕಾರಣವಿಲ್ಲದೆ. ಬಂದಾಗ ಅವಳು ಗಡಿಯಾರ ನೋಡುತ್ತಾಳೆ, "ಬಂದ್ಯಾ? ಕೂತ್ಕೊ, ನನಗೆ ಕೆಲಸ ಇದೆ" ಎನ್ನುತ್ತಾಳೆ. ಭಾವನ ಮನೆಯಿಂದ ಕರೆ ಬರುವುದು ನಿಂತಿದೆ. ಆದರೆ ಅಂದು ಆ ಕೋಣೆಯಲ್ಲಿದ್ದ ಒಬ್ಬ ಹೆಂಗಸು, ಭಾವನ ಹೆಂಡತಿಯ ತಂಗಿ, ಒಂದು ಬೆಳಗ್ಗೆ ಕಾರ್ಖಾನೆಯ ಗೇಟಿನಲ್ಲಿ ಕಾದು ನಿಂತು ಡಾಕ್ಟರಮ್ಮನ ವಿಳಾಸ ಬರೆಸಿಕೊಂಡು ಹೋದಳು. ಕತ್ತರಿಯಕ್ಕನ ಗಂಡ ಈಗ ಸಂಜೆ ಚಹಾ ಮಾಡುತ್ತಾನೆ, ಅದಿನ್ನೂ ಬಾಯಿಗಿಡುವ ಹಾಗಿಲ್ಲ.

ಅತ್ತೆ ಭಾನುವಾರ ತಪ್ಪಿಸುವುದಿಲ್ಲ. ಕಾಲು ಬಿಟ್ಟು ಕೂರುವುದರಿಂದ ಶುರುವಾದದ್ದು ಸೊಂಟದ ನೀರಿನವರೆಗೆ ಬಂದಿದೆ. ಮೊನ್ನೆ ಕಂಬಿ ಹಿಡಿದು ನಿಂತು, ಆಚೆ ದಡದಲ್ಲಿ ಸೀಟಿ ಊದುತ್ತಿದ್ದ ಸೀಟಿಯಮ್ಮನ ಕಡೆ ನೋಡುತ್ತ ತಗ್ಗಿದ ದನಿಯಲ್ಲಿ ಕೇಳಿದರು:

"ಭಾನುವಾರ ಒಂದೇ ಸಾಲದು ಕಣೇ. ನನಗೂ ದಿನಾ ಅರ್ಧ ಗಂಟೆ ಬೇಕು. ಯಾರನ್ನ ಕೇಳ್ಬೇಕು?"

"ಯಾರನ್ನೂ ಕೇಳ್ಬೇಡಿ ಅತ್ತೆ," ಎಂದಳು ಕತ್ತರಿಯಕ್ಕ. "ಟವೆಲ್ ತಗೊಂಡು ಬಂದ್ಬಿಡಿ."