ಬೆನ್ನಿನ ಮಣ್ಣು

ಹೆಬ್ಬಾಳದ ಗರಡಿಗೆ ಹೊಸ ಬೋರ್ಡು ಬಂದು ಮೂರು ದಿನವಾಗಿತ್ತು. ಎಲ್ಲಕ್ಕೂ ಮೇಲೆ ಉಸ್ತಾದ್ ದಾಸಪ್ಪನವರ ಹೆಸರು, ಕೆಳಗೆ ಅವರು ತಯಾರು ಮಾಡಿದ ಪೈಲ್ವಾನರದು. ಮೊದಲ ಸಾಲಲ್ಲೇ 'ಲಕ್ಕಣ್ಣ, 1974ರ ಚಾಂಪಿಯನ್' ಎಂದು ದಪ್ಪಕ್ಷರ. ಅದನ್ನು ಕಂಡಾಗಿನಿಂದ ಲಕ್ಕಣ್ಣ ತಟ್ಟೆಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

"ಸಂಜೆ ಗರಡೀಲಿ ಸನ್ಮಾನ ಇಟ್ಕೊಂಡು ಇಂಗೆ ಮುಖ ಸಣ್ಣ ಮಾಡ್ಕೊಂಡ್ ಕೂತೋರನ್ನ ನಾನಂತೂ ಕಂಡಿಲ್ಲ," ಎಂದಳು ಹೆಂಡತಿ ವೆಂಕಟಲಕ್ಷ್ಮಮ್ಮ, ಬಿಳಿ ಜುಬ್ಬಕ್ಕೆ ಇಸ್ತ್ರಿ ಹಾಕುತ್ತಾ.

"ಅವತ್ತು ಗೆದ್ದೋನು ನಾನಲ್ಲ ಕಣೇ, ನನ್ ಜೋಡಿ ಬಾಷಾ. ಇವತ್ತು ಮೈಕಲ್ಲಿ ಯೋಳ್ಬುಡ್ತೀನಿ."

"ಯೋಳಿ. ಐವತ್ತು ವರ್ಷದಿಂದ ಕೇಳೀ ಕೇಳೀ ನನ್ನ ಕಿವಿ ಸವೆದೋಗದೆ."

ದಾಸಪ್ಪನವರ ಗರಡಿಯಲ್ಲಿ ಒಂದು ಕಟ್ಟುಪಾಡಿತ್ತು. ಬೀಳಿಸಿದವನೇ ಬಿದ್ದವನ ಬೆನ್ನಿನ ಮಣ್ಣನ್ನು ಕೈಯಾರೆ ಒರೆಸಬೇಕು, ಆಮೇಲೇ ನೀರು. ಗೆದ್ದವನಿಗೆ ಜಂಬ ಬರಬಾರದೆಂದು. ಆರ್.ಟಿ. ನಗರದ ಖಾದರ್ ಬಾಷಾನೂ ಲಕ್ಕಣ್ಣನೂ ಹತ್ತು ವರ್ಷ ಒಬ್ಬರ ಬೆನ್ನು ಒಬ್ಬರು ಒರೆಸಿಕೊಂಡೇ ಬೆಳೆದವರು. 1974ರ ಚಾಂಪಿಯನ್ ಕುಸ್ತಿಯಲ್ಲಿ ಅವರಿಬ್ಬರೇ ಎದುರುಬದುರಾದರು. ಬಾಷಾ ಲಕ್ಕಣ್ಣನನ್ನು ಎತ್ತಿ ಅಂಗಾತ ಕೆಡವಿದ. ತೀರ್ಪುಗಾರರು ಇದ್ದದ್ದು ಆಚೆ ಬದಿ, ಬೆನ್ನು ನೆಲ ಮುಟ್ಟಿದ್ದು ಅವರಿಗೆ ಕಾಣಲಿಲ್ಲ. ಅವರು ಸುತ್ತಿ ಬರುವಷ್ಟರಲ್ಲಿ ಬಾಷಾ ಅಭ್ಯಾಸಬಲದಿಂದ ಲಕ್ಕಣ್ಣನನ್ನು ಎಬ್ಬಿಸಿ, ಬೆನ್ನು ಒರೆಸಿ ಮುಗಿಸಿದ್ದ! ಬೆನ್ನಿಗೆ ಮಣ್ಣು ಹತ್ತಿಲ್ಲ, ಬಿದ್ದಿಲ್ಲ, ಆಡಿ ಎಂದರು ಅವರು. ಲಕ್ಕಣ್ಣ ಬಾಯಿ ತೆರೆಯಲಿಲ್ಲ. ಗೆದ್ದೆನೆಂದು ಮೈ ಸಡಿಲ ಬಿಟ್ಟಿದ್ದ ಬಾಷಾ ಮರುಗಳಿಗೆಯಲ್ಲೇ ಬಿದ್ದ.

ಸಂಜೆ ಗರಡಿಯ ಅಂಗಳದಲ್ಲಿ ಶಾಮಿಯಾನ. ಗರಡಿಯ ಕಾರ್ಯದರ್ಶಿ ನಾಗೇಶ್ ಶಾಲು ಹೊದಿಸಿ, ಪೇಟ ತೊಡಿಸಿದ. ಲಕ್ಕಣ್ಣ ಮೈಕು ಹಿಡಿದು ನಡೆದದ್ದನ್ನೆಲ್ಲ ಹೇಳಿಬಿಟ್ಟ.

ಮುಂದಿನ ಸಾಲಿನಿಂದ ಬಾಷಾ ಎದ್ದು ನಿಂತ. "ನಂಬಬೇಡಿ ಕಣ್ರಪ್ಪಾ, ವಯಸ್ಸಾಯ್ತು, ಏನೇನೋ ಬಡಬಡಿಸ್ತಾನೆ. ಸೋತಿದ್ದು ನಾನೇ."

"ಎಂಥಾ ದೊಡ್ಡ ಮನುಷ್ಯ ನೋಡ್ರೀ ನಮ್ಮ ಲಕ್ಕಣ್ಣ!" ಎಂದು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಲಕ್ಕಣ್ಣನಿಗೆ ರೇಗಿತು. ನಿಜ ಹೇಳಿದರೂ ಸನ್ಮಾನವೇ! ಇವತ್ತು ಬಿಟ್ಟರೆ ಆ ಬೋರ್ಡು ತಾನು ಸತ್ತ ಮೇಲೂ ಸುಳ್ಳು ಹೇಳುತ್ತಲೇ ಇರುತ್ತದೆ. ಶಾಲು ತೆಗೆದು ನಾಗೇಶನ ಕೈಗಿಟ್ಟು, ಮೆಟ್ಟಿಲಿಳಿದು, ಸೀದಾ ಕೆಮ್ಮಣ್ಣಿನ ಅಖಾಡಕ್ಕೆ ಹೋಗಿ ಅಂಗಾತ ಮಲಗಿಬಿಟ್ಟ.

"ಇಂಗೆ ಬಿದ್ದಿದ್ದೆ ಕಣ್ರೋ! ನೋಡ್ಕಳಿ!"

"ಅಯ್ಯೋ, ನನ್ನ ಇಸ್ತ್ರಿ!" ಎಂದು ವೆಂಕಟಲಕ್ಷ್ಮಮ್ಮ ಹಣೆ ಚಚ್ಚಿಕೊಂಡಳು.

ಬಾಷಾ ಮಂಡಿ ಹಿಡಿದುಕೊಂಡೇ ಓಡಿ ಬಂದ. "ಹುಚ್ಚು ನನ್ಮಗನೇ, ಸೊಂಟ ಮುರ್ಕೋತೀಯ, ಏಳೋ." ಕೈಕೊಟ್ಟು ಎಬ್ಬಿಸಿದ. ಎಬ್ಬಿಸಿದವನೇ ಲಕ್ಕಣ್ಣನನ್ನು ಆಚೆ ತಿರುಗಿಸಿ, ಪಟಪಟ ಬೆನ್ನು ಒರೆಸತೊಡಗಿದ.

"ನೋಡುದ್ರಾ!" ಲಕ್ಕಣ್ಣ ಕೂಗಿದ. "ಅವತ್ತೂ ಇಂಗೇ ಮಾಡ್ದ ಇವ್ನು!"

ಬಾಷಾನ ಕೈ ಗಾಳಿಯಲ್ಲೇ ನಿಂತಿತು. ಅಂಗೈ ತುಂಬ ಕೆಮ್ಮಣ್ಣು. ಶಾಮಿಯಾನ ಹಾರುವಂತೆ ಜನ ನಕ್ಕರು. ನಾಗೇಶ್ ಪೆಚ್ಚಾಗಿ ಬೋರ್ಡನ್ನೊಮ್ಮೆ ನೋಡಿ, ಪೇಂಟರಿಗೆ ಫೋನು ಹಚ್ಚಿದ.

ಲಕ್ಕಣ್ಣ ತನ್ನ ಪೇಟ ತೆಗೆದು ಬಾಷಾನ ತಲೆಗಿಟ್ಟ.

"ದೊಡ್ಡದಾಯ್ತು ಕಣೋ, ಕಣ್ಣಿಗ್ ಬರ್ತದೆ," ಎಂದ ಬಾಷಾ.

"ಇರ್ಲಿ ಇಟ್ಕೋ. ಅರ್ಧ ಬೆನ್ನು ಅಂಗೇ ಐತೆ, ಪೂರ್ತಿ ಒರ್ಸು," ಎಂದ ಲಕ್ಕಣ್ಣ. "ಆಮೇಲೇ ನೀರು."