ಆರು ಕಿಲೋಮೀಟರ್ ದೂರದ ಹಳ್ಳ

ನಕ್ಷೆ ವಿಭಾಗದ ಆ ಹೆಂಗಸಿಗೆ ಕಚೇರಿಯಲ್ಲಿ ‘ಗಂಗಮ್ಮ’ ಎಂದೇ ಅಡ್ಡಹೆಸರು. ಎಲ್ಲಿ ಒಂದು ಕೊಡ ನೀರು ಚೆಲ್ಲಿದರೂ ಅದು ಯಾವ ಇಳಿಜಾರು ಹಿಡಿದು, ಎಷ್ಟು ದೂರ ಹರಿದು ಹಳ್ಳ ಸೇರುತ್ತದೆಂದು ಕಂಪ್ಯೂಟರಿನಲ್ಲಿ ಅಳೆದು ಹೇಳುವುದೇ ಅವಳ ಕೆಲಸ. ನೇರ ಗೆರೆ ಎಳೆದು ಅಳೆಯಲು ಯಾರಿಗಾದರೂ ಬರುತ್ತದೆ. ನೀರು ನೇರವಾಗಿ ಎಲ್ಲಿ ಹೋಗುತ್ತದೆ, ಹೇಳಿ?

ಲೋಹಕ್ಕೆ ಲೇಪ ಹಾಕುವ ಕಾರ್ಖಾನೆಯೊಂದು ತನ್ನ ಕೊಳೆನೀರಿಗೆ ಗುಂಡಿ ತೋಡಲು ಜಾಗ ಕೇಳಿತ್ತು. ಕೇಳಿದ ಜಾಗ ಅವಳ ಅಕ್ಕನ ಮನೆಯ ಮೇಲಿನ ದಿಬ್ಬ. ಅಕ್ಕನ ಬೀದಿಯವರೆಲ್ಲ ಕುಡಿಯುವುದು ಹಳ್ಳದ ದಡದ ಬಾವಿಯ ನೀರು. ಕಂಪ್ಯೂಟರ್ ಲೆಕ್ಕ ಹಾಕಿ, ಗುಂಡಿಯ ನೀರು ಹಳ್ಳ ಮುಟ್ಟಲು ಆರು ಕಿಲೋಮೀಟರ್ ಹರಿಯಬೇಕು ಎಂದಿತು. ಅಷ್ಟು ದೂರವಿದ್ದರೆ ಭಯವಿಲ್ಲವೆಂದು ಇವಳು ಸಹಿ ಹಾಕಿದಳು. ಸಾಮಾನ್ಯವಾಗಿ ಸಹಿಗೆ ಮೊದಲು ಒಮ್ಮೆ ಜಾಗಕ್ಕೆ ಹೋಗಿ, ಕಾಲಾಡಿಸಿ ಬರುವುದು ಅವಳ ಕ್ರಮ. ಈ ಸಲ ಹೋಗಲಿಲ್ಲ. ಅಕ್ಕನ ಊರಲ್ಲವೇ, ಕಣ್ಣು ಕಟ್ಟಿ ಬಿಟ್ಟರೂ ನಡೆದುಹೋಗುತ್ತೇನೆ ಎಂಬ ಜಂಬ. ಆ ಜಂಬಕ್ಕಿಷ್ಟು ಬೆಂಕಿ ಬೀಳ.

ಇವತ್ತು ಬೆಳಗಿನಿಂದ ಬಿಡದೆ ಮಳೆ. ವರದಿಗೊಂದು ಅಂದವಾದ ಚಿತ್ರ ಬೇಕೆಂದು ಸಾಹೇಬರು ಕೇಳಿದ್ದರಿಂದ ಅವಳು ಆ ಗುಂಡಿಯ ಹಳೆಯ ನಕ್ಷೆ ತೆರೆದಳು. ನೀರಿನ ನೀಲಿ ಗೆರೆ ದಿಬ್ಬದಿಂದ ಇಳಿದು, ರಸ್ತೆಯ ಹತ್ತಿರ ಬಂದು, ದಾಟದೆ ಪಕ್ಕಕ್ಕೆ ಹೊರಳಿ, ರಸ್ತೆಗುಂಟ ಬಹುದೂರ ಹೋಗಿತ್ತು. ಯಾಕೆ ದಾಟಲಿಲ್ಲ? ನೆಲದ ಏರುತಗ್ಗನ್ನು ಅಳೆದದ್ದು ಮೇಲಿನಿಂದ, ವಿಮಾನದಲ್ಲಿ. ಮೇಲಿನಿಂದ ನೋಡಿದರೆ ರಸ್ತೆ ಎತ್ತರದ ಒಡ್ಡು, ಅಷ್ಟೆ. ಅದರ ಹೊಟ್ಟೆಯೊಳಗೆ ನೀರು ಹಾಯುವ ಮೋರಿ ಕಾಣುವುದಿಲ್ಲ. ಮೋರಿ ಇರುವಲ್ಲಿ ಒಡ್ಡನ್ನು ನಕ್ಷೆಯಲ್ಲಿ ಕೈಯಾರೆ ಕತ್ತರಿಸಿ, ನೀರಿಗೆ ದಾರಿ ಬಿಡಬೇಕು. ಅವಳು ಕತ್ತರಿಸಿರಲಿಲ್ಲ. ಅಕ್ಕನ ಮನೆಗೆ ಹೋಗುವಾಗಲೆಲ್ಲ ಬಸ್ಸಿಳಿದು ಅದೇ ಮೋರಿಕಟ್ಟೆಯ ಮೇಲೆ ಕೂತು ಚಪ್ಪಲಿಯ ಕಲ್ಲು ಕೊಡವಿಕೊಂಡವಳು ಅವಳು.

ಅವಳು ಒಡ್ಡು ಕತ್ತರಿಸಿ, ಲೆಕ್ಕವನ್ನು ಮತ್ತೆ ಓಡಿಸಿದಳು. ಇನ್ನೂರು ಮೀಟರ್.

ಸಾಹೇಬರ ಕೋಣೆಗೆ ಓಡಿದಳು. “ಸರ್, ಆ ಗುಂಡಿಯಿಂದ ಹಳ್ಳಕ್ಕೆ ಆರು ಕಿಲೋಮೀಟರ್ ಇಲ್ಲ. ಲೆಕ್ಕದಲ್ಲಿ ಮೋರಿ ಬಿಟ್ಟುಹೋಗಿದೆ.”

ಸಾಹೇಬರು ಕಿಟಕಿಯತ್ತ ನೋಡಿದರು. “ಈಗ ಹೇಳ್ತೀಯಲ್ಲಮ್ಮ. ಗುಂಡಿಗೆ ಆಗಲೇ ಕೊಳೆನೀರು ಬಿಟ್ಟಾಯ್ತು. ಮಳೆ ನಿಲ್ಲಲಿ, ನಾಳೆ ಯಾರನ್ನಾದ್ರೂ ಕಳಿಸೋಣ.”

“ಮಳೆ ನಿಲ್ಲೋಷ್ಟರಲ್ಲಿ ಅದು ತುಂಬಿ ಹೊರಗೆ ಹರಿಯುತ್ತಲ್ಲ ಸರ್.”

ಅವರು ಫೋನಿಗೆ ಕೈ ಹಾಕಿದರು. ಕಾರ್ಖಾನೆಯಲ್ಲಿ ಯಾರೂ ಎತ್ತಲಿಲ್ಲ.

ಅವಳು ಮೆಟ್ಟಿಲ ಬಳಿ ನಿಂತು ಅಕ್ಕನಿಗೆ ಫೋನ್ ಮಾಡಿದಳು.

“ಅಕ್ಕಾ, ಬಾವಿ ನೀರು ಕುಡೀಬೇಡಿ. ಯಾರೂ ಕುಡೀಬೇಡಿ.”

ಅಕ್ಕ ನಕ್ಕಳು. “ಯಾಕೇ? ನೀರು ಕನ್ನಡಿ ಹಾಗಿದೆ. ಈ ಮಳೇಲೂ ಒಂಚೂರು ರಾಡಿಯಾಗಿಲ್ಲ.”

“ಆ ಗುಂಡಿ ಕೊಳೆ ವಿಷ ಕಣೇ, ಅದಕ್ಕೆ ಬಣ್ಣ ಇರಲ್ಲ, ವಾಸನೇನೂ ಇರಲ್ಲ. ನಾನು ಅಳತೆ ತಪ್ಪಿದೀನಿ. ಅದು ಮೋರೀಲಿ ನುಗ್ಗಿ ಸೀದಾ ನಿಮ್ಮ ಹಳ್ಳಕ್ಕೇ ಬರುತ್ತೆ.”

ಅಕ್ಕನ ದನಿ ಸಣ್ಣಗಾಯಿತು. “ಬೀದಿಯವರೆಲ್ಲ ಗುಂಡಿಗೆ ಹೆದರಿ ಟ್ಯಾಂಕರ್ ನೀರು ತರಿಸ್ತಿದ್ರು. ಭಯ ಬೇಡ, ನನ್ನ ತಂಗೀನೇ ಅಳೆದಿದಾಳೆ ಅಂತ ಮನೆಮನೆಗೆ ಹೋಗಿ ಅದನ್ನ ಬಿಡಿಸಿದ್ದು ನಾನು ಕಣೇ.”

ಫೋನಿನಾಚೆ ಅಕ್ಕ ಓಡುವ ಸದ್ದು, ಪಾತ್ರೆಯೊಂದು ಉರುಳುವ ಸದ್ದು.

“ಪುಟ್ಟಿ, ಲೋಟ ಕೆಳಗಿಡು. ಇಡು ಅಂದೆ.”

“ಕುಡಿದಾಯ್ತಲ್ಲಮ್ಮ” ಎಂದಿತು ಮಗು.